ಸುನೀಲ್ ಗಂಗೋಪಾಧ್ಯಾಯ ಕಡಿಮೆ ಬರೆಯಬೇಕಿತ್ತೇ?

ಬಂಗಾಳಿಯ ಸುನೀಲ್ ಗಂಗೋಪಾಧ್ಯಾಯ (1934–2012) ಬರೆದ ಪುಸ್ತಕಗಳು 200ಕ್ಕೂ ಹೆಚ್ಚು. ಇಷ್ಟು ಬರೆದದ್ದರಿಂದ ಅವರ ಸಾಹಿತ್ಯಕ್ಕೆ ನಷ್ಟವಾಯಿತೇ?

ಪರ: ಆಯಿತು

ತಾನು ಮೊದಲು ಕವಿ, ಆಮೇಲೆ ಉಳಿದದ್ದು ಎಂದು ಸುನೀಲರೇ ಹೇಳಿಕೊಳ್ಳುತ್ತಿದ್ದರು. ಇಪ್ಪತ್ತು ತುಂಬುವ ಮೊದಲೇ, 1953ರಲ್ಲಿ, ಗೆಳೆಯರೊಂದಿಗೆ ‘ಕೃತ್ತಿಬಾಸ್’ ಎಂಬ ಕಾವ್ಯಪತ್ರಿಕೆ ಶುರುಮಾಡಿದವರು. ಅವರ ‘ನೀರಾ’ ಕವಿತೆಗಳನ್ನು ಎಷ್ಟೋ ಬಂಗಾಳಿ ಪ್ರೇಮಿಗಳು ಬಾಯಿಪಾಠ ಮಾಡಿದ್ದಾರೆ. ಈ ಕವಿಯನ್ನು ನುಂಗಿದ್ದು ಪೂಜಾ ಸಂಚಿಕೆಗಳು.

ಪೂಜಾ ಸಂಚಿಕೆ ಎಂದರೆ ನಮ್ಮ ದೀಪಾವಳಿ ವಿಶೇಷಾಂಕದ ದೊಡ್ಡಣ್ಣ. ಒಂದೇ ಸಂಚಿಕೆಯಲ್ಲಿ ಹಲವು ಇಡೀ ಕಾದಂಬರಿಗಳು ಇರುತ್ತವೆ. ದುರ್ಗಾಪೂಜೆಯನ್ನು ಮುಂದಕ್ಕೆ ಹಾಕುವಂತಿಲ್ಲ, ಹಾಗಾಗಿ ಕಾದಂಬರಿಯನ್ನೂ ಮುಂದಕ್ಕೆ ಹಾಕುವಂತಿಲ್ಲ. ಸುನೀಲರ ಬರವಣಿಗೆಗೆ ಒಂದು ಹೆಸರು ಸಾಲದೆ ನೀಲ್ ಲೋಹಿತ್, ಸನಾತನ್ ಪಾಠಕ್, ನೀಲ್ ಉಪಾಧ್ಯಾಯ ಎಲ್ಲ ಬಂದರು. ಮಕ್ಕಳಿಗೆ ಊರುಗೋಲಿನ ಪತ್ತೇದಾರ ಕಾಕಾಬಾಬು ಬೇರೆ. ಸಣ್ಣ ಕಾದಂಬರಿಗಳು ಎಷ್ಟೋ ಸಲ ಚೆನ್ನಾಗಿ ಶುರುವಾಗಿ, ಕೊನೆಯ ಹತ್ತು ಪುಟದಲ್ಲಿ ಕಡೇ ಬಸ್ಸಿಗೆ ಓಡುವವರ ಹಾಗೆ ಏದುಸಿರು ಬಿಡುತ್ತವೆ. ಮೇಲಿಂದ ಪತ್ರಿಕಾ ಕೆಲಸ, ಸಭೆ, ಮುನ್ನುಡಿ, 2008ರಿಂದ ಕೊನೆಯವರೆಗೆ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷಗಿರಿ. ಕವಿತೆಗೆ ಉಳಿದ ಹೊತ್ತಾದರೂ ಎಷ್ಟು?

ವಿರೋಧ: ಆಗಲಿಲ್ಲ

ಕಡಿಮೆ ಬರೆದಿದ್ದರೆ ಉಳಿದ ಹೊತ್ತಿನಲ್ಲಿ ಮಹಾಕಾವ್ಯ ಬರುತ್ತಿತ್ತು ಎಂದುಕೊಳ್ಳುವವರಿಗೆ ಬರೆಯುವವರ ಪರಿಚಯ ಇಲ್ಲ. ಉಳಿದ ಹೊತ್ತಿನಲ್ಲಿ ಅಡ್ಡಾ, ಅಂದರೆ ಬಂಗಾಳಿಗಳ ಹರಟೆಕೂಟ, ನಡೆಯುತ್ತಿತ್ತು, ಅಷ್ಟೆ.

ಸುನೀಲರ ಕವಿತೆ ಹುಟ್ಟಿದ್ದೇ ದಿನದ ಲೆಕ್ಕದಿಂದ. ಮೇಷ್ಟರಾಗಿದ್ದ ಅಪ್ಪ, ರಜೆಯಲ್ಲಿ ಹುಡುಗ ಬೀದಿ ಸುತ್ತದಿರಲಿ ಎಂದು ಟೆನಿಸನ್ನನ ಪುಸ್ತಕ ಕೈಗಿಟ್ಟು, ದಿನಕ್ಕೆ ಎರಡು ಪದ್ಯ ಬಂಗಾಳಿಗೆ ತಾ ಎಂದರು. ಅನುವಾದ ಬೇಸರವಾಗಿ ಹುಡುಗ ಸ್ವಂತ ಪದ್ಯ ಬರೆಯತೊಡಗಿದ.

ಗಡುವಿನ ಬರಹ ಎಂದು ಮೂಗು ಮುರಿಯುವವರು ‘ಅರಣ್ಯೇರ್ ದಿನ್ ರಾತ್ರಿ’ ನೋಡಲಿ. ಕಲ್ಕತ್ತದಿಂದ ಕಾಡಿಗೆ ಹೋಗುವ ಆ ನಾಲ್ವರು ಯುವಕರು ಸುನೀಲರ ಸ್ವಂತ ಅಲೆದಾಟದ ಮಕ್ಕಳು. ಕಾದಂಬರಿಯಲ್ಲಿ ಅವರು ರೈಲಿನಲ್ಲಿ ಹೋಗುತ್ತಾರೆ. ಸತ್ಯಜಿತ್ ರೇ ಅವರನ್ನು ಕಾರಿನಲ್ಲಿ ಕೂರಿಸಿದರು. 1970ರ ಆ ಒಂದೇ ವರ್ಷದಲ್ಲಿ ಇದೂ, ಕೆಲಸ ಹುಡುಕುವ ಹುಡುಗನ ‘ಪ್ರತಿದ್ವಂದ್ವಿ’ಯೂ ರೇ ಕೈಯಲ್ಲಿ ಸಿನಿಮಾ ಆದವು. ಆ ಕಾಲದ ಚಡಪಡಿಕೆಯನ್ನು ಬಿಸಿ ಆರುವ ಮೊದಲೇ ಹಿಡಿಯಬೇಕಿತ್ತು. ಇಪ್ಪತ್ತು ವರ್ಷ ತಿದ್ದುತ್ತಾ ಕೂತಿದ್ದರೆ ರೇ ಕೈಗೆ ಏನು ಸಿಗುತ್ತಿತ್ತು?

ಕೆಲವು ಪೂಜಾ ಕಾದಂಬರಿಗಳು ಸಪ್ಪೆ, ಒಪ್ಪೋಣ. ಆದರೆ 1985ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಸೇಯಿ ಸಮಯ್’ ಕೂಡ ‘ದೇಶ್’ ಪತ್ರಿಕೆಯಲ್ಲಿ ಕಂತು ಕಂತಾಗಿ ಬಂದದ್ದೇ. ದೇಶವಿಭಜನೆಯ ‘ಪೂರ್ಬ-ಪಶ್ಚಿಮ್’, ರವೀಂದ್ರನಾಥ ಠಾಕೂರರ ಕಾಲದ ‘ಪ್ರಥಮ್ ಆಲೋ’ ಎರಡೂ ದಿಂಡುಗಟ್ಟಲೆ ಪುಸ್ತಕಗಳು. ಇಂಥ ಹೊರೆ ಹೊರಲು ದಿನಾ ಬರೆದು ಪಳಗಿದ ಕೈಯೇ ಬೇಕು.

‘ಸೇಯಿ ಸಮಯ್’ನ ನವೀನಕುಮಾರನನ್ನೇ ನೋಡಿ. ಅವನ ಹಿಂದಿರುವ ನಿಜ ವ್ಯಕ್ತಿ ಕಾಲಿಪ್ರಸನ್ನ ಸಿಂಹ. ಕಲ್ಕತ್ತದ ಜಮೀನ್ದಾರರ ಮನೆಯ ಮಗ, ಬದುಕಿದ್ದು 1840ರಿಂದ 1870ರವರೆಗೆ, ಮೂವತ್ತೇ ವರ್ಷ. ಹುತೋಮ್ ಗೂಬೆಯ ಹೆಸರಿನಲ್ಲಿ ಊರಿನ ಬಾಬುಗಳನ್ನು ಗೇಲಿ ಮಾಡಿದವನು. ಕಳ್ಳ ಹೆಸರಿನ ಚಟ ನೀಲ್ ಲೋಹಿತನಿಗಿಂತ ನೂರು ವರ್ಷ ಹಳೆಯದು. 1861ರಲ್ಲಿ, ನೀಲಿ ಬೆಳೆಸುವ ಬಿಳಿಯ ದೊರೆಗಳ ದಬ್ಬಾಳಿಕೆ ತೋರಿಸುವ ‘ನೀಲದರ್ಪಣ’ ನಾಟಕದ ಇಂಗ್ಲಿಷ್ ಅನುವಾದ ಪ್ರಕಟಿಸಿದ್ದಕ್ಕೆ ಪಾದ್ರಿ ಜೇಮ್ಸ್ ಲಾಂಗ್‌ಗೆ ತಿಂಗಳ ಜೈಲು, ಸಾವಿರ ರೂಪಾಯಿ ದಂಡ ಬಿದ್ದಾಗ ಆ ದುಡ್ಡು ಕಟ್ಟಿದವನು ಕಾಲಿಪ್ರಸನ್ನನೇ. ಪಂಡಿತರನ್ನು ಕೂಡಿಸಿ ಇಡೀ ಮಹಾಭಾರತವನ್ನು ಬಂಗಾಳಿಗೆ ತರಿಸಿ, ಅಚ್ಚು ಹಾಕಿಸಿ, ಜನರಿಗೆ ಪುಕ್ಕಟೆ ಹಂಚಿದ. ಆಸ್ತಿ ಕರಗಿತು. ಸುನೀಲರು ತಮ್ಮ ಅತಿ ದೊಡ್ಡ ಕಾದಂಬರಿಗಳಲ್ಲೊಂದಕ್ಕೆ ನಾಯಕನನ್ನು ಹುಡುಕಿದಾಗ ಸಿಕ್ಕಿದ್ದು ಈ ದುಂದುಗಾರ.