ಭಾವನ ಮನೆಗೆ ಹೋಗಿ ಬಂದ ಹಾರ್ಡ್‌ಡಿಸ್ಕ್

ಕಾಸರಗೋಡಿನ ಕನ್ನಡ ಮಾಧ್ಯಮವಾದರೂ ಸರಕಾರಿ ಶಾಲೆಯ ಕಂಪ್ಯೂಟರ್ ಪಾಠ ಕೇರಳದ ಉಳಿದೆಡೆಯಂತೆ ಉಬುಂಟು ಆಧಾರಿತ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯದೇ ಆದುದರಿಂದ, ಮಗಳ ಓದಿನ ನೆಪದಲ್ಲಿ ನೀರ್ಚಾಲಿನ ನಮ್ಮ ಮನೆಯಲ್ಲೂ ಅದೇ ಬಂದು ನೆಲೆಸಿತು. ಪೆರ್ಲದ ಭಾವನ ಮನೆಯಲ್ಲಿರುವುದು ವಿಂಡೋಸ್. ಯಕ್ಷಗಾನದ ವಿಡಿಯೊಗಳನ್ನು ಎರಡೂ ಮನೆಯವರು ನೋಡಲೆಂಬ ಸದುದ್ದೇಶದಿಂದ 1 ಟಿಬಿಯ ಹಾರ್ಡ್‌ಡಿಸ್ಕೊಂದು ಬಸ್ಸು ಹತ್ತಿ ಅತ್ತಿತ್ತ ಓಡಾಡತೊಡಗಿತು.

ಡಿಸ್ಕ್ ಇದ್ದದ್ದು ಇಎಕ್ಸ್‌ಟಿ4 ಎಂಬ, ಕಡತಗಳನ್ನು ಜೋಡಿಸಿಡುವ ಲಿನಕ್ಸಿನ ಸ್ವಂತ ಮಾದರಿಯಲ್ಲಿ. ವಿಂಡೋಸ್‌ಗೆ ಅದನ್ನು ನೇರವಾಗಿ ಓದಲು ಬಾರದು. ಬಾರದೆಂದು ಸುಮ್ಮನಿರುವ ಬದಲು, ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು (ಎಂದರೆ ಇದ್ದುದನ್ನೆಲ್ಲ ಅಳಿಸಿ ಹೊಸದಾಗಿ ಅಣಿಗೊಳಿಸಬೇಕು), ಮಾಡಲೇ ಎಂದು ವಿನಯದಿಂದ ಕೇಳುತ್ತದೆ. ಯಾರು ಏನು ಕೇಳಿದರೂ ಇಲ್ಲವೆನ್ನದ ಭಾವ ಇದಕ್ಕೂ ಆಗಲಿ ಎಂದರು. ನಾದಿನಿಯ ಮದುವೆಯ ಫೋಟೊಗಳೂ ಅದರಲ್ಲಿದ್ದವೆಂಬುದನ್ನು ಮನೆಯಲ್ಲಿ ತಿಳಿಸಲು ಒಳ್ಳೆಯ ಮುಹೂರ್ತ ಇನ್ನೂ ಕೂಡಿಬಂದಿಲ್ಲ.

ಆಮೇಲೆ ಡಿಸ್ಕನ್ನು ವಿಭಾಗಿಸುವ ಜಿಪಾರ್ಟೆಡ್ ತಂತ್ರಾಂಶ ತೆರೆದು, ಎಲ್ಲರಿಗೂ ಆಗಿಬರುವ ಫ್ಯಾಟ್32 ಮಾದರಿಯ ಪಾರ್ಟಿಶನ್ (ವಿಭಾಗ) ಮಾಡಿದ್ದಾಯಿತು. ಅದರಲ್ಲಿ ಒಂದೇ ಕಡತ 4 ಜಿಬಿ ಮುಟ್ಟುವಂತಿಲ್ಲ. ನಮ್ಮ ಮೇಳಗಳ ಇಡೀ ರಾತ್ರಿಯ ಆಟಗಳಿಗೋ ಬೆಳಗಾಗದೆ ಮಂಗಳ ಹಾಡಿ ಅಭ್ಯಾಸವಿಲ್ಲ, ವಿಡಿಯೊ ಅಷ್ಟರಲ್ಲಿ ಹಿಡಿಯುವುದಿಲ್ಲ. ಪೆರ್ಲದಲ್ಲಿ ನೆಂಟರೆಲ್ಲ ಕುಳಿತು ನೋಡುತ್ತಿರುವಾಗ ದೊಂದಿಯ ಬೆಳಕಿನಲ್ಲಿ, ಸಭೆಯ ನಡುವಿನಿಂದ, ಕೋಡು ಆಡಿಸುತ್ತ ಬರುತ್ತಿದ್ದ ಮಹಿಷಾಸುರ ರಂಗಸ್ಥಳ ತಲಪುವ ಮೊದಲೇ ಕಡತ ಮುಗಿಯಿತು. ದೇವಿಗೆ ಅಂದು ಕೆಲಸವೇ ಉಳಿಯಲಿಲ್ಲ.

ವಿಂಡೋಸಿನ ಸ್ವಂತ ಮಾದರಿಯಾದ ಎನ್‌ಟಿಎಫ್‌ಎಸ್‌ನಲ್ಲಿ ಈ ತೊಂದರೆಯಿಲ್ಲ, ಬೇರೆ ಇದೆ. ಬೇಗ ಏಳಲೆಂದು ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಇರುವ ವಿಂಡೋಸ್ ಶಟ್‌ಡೌನ್ ಮಾಡಿದರೂ ಪೂರ್ತಿ ಮಲಗುವುದಿಲ್ಲ, ಊಟದ ಬಳಿಕ ಚಾವಡಿಯಲ್ಲಿ ಕಣ್ಣುಮುಚ್ಚಿದ ಮಾವನಂತೆ. ಆ ಸ್ಥಿತಿಯಲ್ಲಿ ಕಿತ್ತು ತಂದ ಡಿಸ್ಕನ್ನು ನಮ್ಮ ಲಿನಕ್ಸ್ ಓದಿತು, ಆದರೆ ಬರೆಯಲೊಪ್ಪಲಿಲ್ಲ. ಭಾವನಿಗೆ ಫೋನ್ ಮಾಡಿ ಫಾಸ್ಟ್ ಸ್ಟಾರ್ಟಪ್ ತೆಗೆಸಲು ಹೋದರೆ, ನಿಧಾನವಾಗುವುದಾದರೆ ಬೇಡವೆಂದರು.

ಕೊನೆಗೆ ಉಳಿದದ್ದು ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಮಾದರಿ. ಅದು 2006ರಲ್ಲೇ ಬಂದಿತ್ತು. ಲಿನಕ್ಸಿನ ತಿರುಳಾದ ಕರ್ನಲ್‌ನೊಳಗೆ ಸರಿಯಾದ ಜಾಗ ಸಿಕ್ಕಿದ್ದು 2020ರಲ್ಲಿ, 5.7ನೆಯ ಆವೃತ್ತಿಯೊಂದಿಗೆ. ದೊಡ್ಡ ಕಡತಗಳೂ ಹಿಡಿಯುತ್ತವೆ, ಎರಡು ಮನೆಯವರೂ ಬರೆಯಬಹುದು. ನನ್ನ ಮಟ್ಟಿಗೆ ಇಂಥ ಕೊಡುಕೊಳ್ಳುವಿಕೆಗೆ ಅದುವೇ ಸರಿ, ಕಿತ್ತುವ ಮುನ್ನ ಇಜೆಕ್ಟ್ ಒತ್ತುವ ತಾಳ್ಮೆಯೊಂದಿದ್ದರೆ.

ಪಾರ್ಟಿಶನ್‌ಗೆ ಲೇಬಲ್ ಕೊಡುವಾಗ ತಮ್ಮ ತರವಾಡು ಮನೆತನದ ಪೂರ್ತಿ ಹೆಸರು ಬರಲಿ ಎಂದರು ಭಾವ. ಎಕ್ಸ್‌ಫ್ಯಾಟ್ ಲೇಬಲ್‌ಗೆ 11 ಅಕ್ಷರಗಳಿಗಿಂತ ಹೆಚ್ಚಿಗೆ ಅವಕಾಶವಿಲ್ಲವೆಂದು ಸಮಾಧಾನ ಹೇಳಿ, ‘ಡೋಂಟ್ ಫಾರ್ಮ್ಯಾಟ್’ ಎಂದು ಇಂಗ್ಲಿಷಿನಲ್ಲಿ ಬರೆದೆ. ಅಪಾಸ್ಟ್ರಫಿ ಬಿಟ್ಟು, ನಡುವಿನ ಖಾಲಿ ಜಾಗವೂ ಸೇರಿ ಸರಿಯಾಗಿ ಹನ್ನೊಂದು.