ಪ್ರಶ್ನೆ ಯಾರಪ್ಪಂದು?

ಇವತ್ತು ಬೆಳಗ್ಗೆಯೂ ಅದೇ. ಬಡಾವಣೆಯ ವಾಟ್ಸಾಪ್ ಗ್ರೂಪ್ ತೆರೆದರೆ ಬೂದು ಬಣ್ಣದ ಓರೆ ಅಕ್ಷರದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’. ಅದರ ಕೆಳಗೆ ಸಾಲಾಗಿ ಉತ್ತರಗಳು. ‘ಹೌದ್ರೀ, ಅವರೇ ಚಲೋ.’ ‘ಬ್ಯಾಡ್ರೀ, ಅವರು ಅರ್ಧಕ್ಕೇ ಬಿಟ್ಟು ಹೋಗ್ತಾರೆ.’ ‘ಎರಡು ಸಾವಿರ ಕೇಳ್ತಾರೆ, ಜಗ್ಗಾಡಿದ್ರೆ ಸಾವಿರದ ಎಂಟುನೂರಕ್ಕೆ ಬರ್ತಾರೆ.’ ‘ಒಳಗಿಳಿಯೋ ಮುಂಚೆ ಸ್ವಲ್ಪ ಹೊತ್ತು ಮುಚ್ಚಳ ತೆಗೆದಿಡ್ರಿ, ಗಾಳಿ ಆಡ್ಲಿ.’ ಸಂಪ್ ತೊಳೆಯುವವರ ವಿಷಯ ಎಂದು ಮುಚ್ಚಳದಿಂದ ಊಹಿಸಬೇಕು. ‘ಅವರೇ’ ಅಂದರೆ ಯಾರು ಎಂಬುದನ್ನು ಊಹಿಸಲು ಏನೂ ಉಳಿದಿಲ್ಲ. ಹೆಸರು ಪ್ರಶ್ನೆಯಲ್ಲಿತ್ತು, ಪ್ರಶ್ನೆ ಹೋಯಿತು. ಸಂಪ್ ತೊಳೆಸಬೇಕಾದ ಮನೆಗಳು ಬೀದಿಗೆ ಹತ್ತಿವೆ. ಕೇಳಿದವರ ಸಂಪ್ ಮಾತ್ರ ಈಗ ಲಕಲಕ.

ಯಾವ ಬಡಾವಣೆ ಎಂದು ಹೇಳಿ ಪ್ರಯೋಜನವಿಲ್ಲ. ವಿದ್ಯಾನಗರ, ನಿಟುವಳ್ಳಿ, ವಿನೋಬನಗರ, ಸರಸ್ವತಿ ನಗರ, ದಾವಣಗೆರೆಯ ಯಾವ ಮೂಲೆಯ ಗ್ರೂಪಿಗೆ ಹೋದರೂ ತಿರುಗುವ ಪ್ರಶ್ನೆಗಳು ಅವೇ ಆರೇಳು. ನೀರು ಯಾವತ್ತು ಬಿಡ್ತಾರೆ? ಕರೆಂಟ್ ನಿಮ್ಮನೇಲೂ ಹೋಗೈತಾ? ಪ್ಲಂಬರ್ ಯಾರಿದಾರೆ? ಹಲ್ಲಿನ ಡಾಕ್ಟರ್ ಭಾನುವಾರ ಸಿಗ್ತಾರಾ? ಎರಡು ವರ್ಷಕ್ಕೊಮ್ಮೆ, ದುಗ್ಗಮ್ಮನ ಜಾತ್ರೆಗೆ ಗಾಡಿ ಎಲ್ಲಿಂದ ತಿರುಗಿಸ್ಯಾರೆ? ಪ್ರಶ್ನೆಗಳು ಇಷ್ಟೇ ಆದ್ದರಿಂದ ಉತ್ತರಗಳೂ ಇಷ್ಟೇ. ಒಮ್ಮೆ ಸರಿಯಾಗಿ ಬಂದ ಉತ್ತರ ಅಲ್ಲೇ ಉಳಿದರೆ ಮುಂದಿನವರು ಹುಡುಕಿ ಓದಿಕೊಳ್ಳಬಹುದು. ಉಳಿಯುವುದಿಲ್ಲ. ಕೆಲಸ ಆದ ಕೂಡಲೇ ಪ್ರಶ್ನೆಯನ್ನು ಅಳಿಸಿ ಹೋಗುವ ಒಬ್ಬರು ಪ್ರತಿ ಗ್ರೂಪಿನಲ್ಲೂ ಇದ್ದಾರೆ. ಜಗಳಗಂಟರಲ್ಲ. ನಮಸ್ಕಾರ ಹೇಳಿ ಕೇಳುತ್ತಾರೆ, ಧನ್ಯವಾದ ಹೇಳಿ ಅಳಿಸುತ್ತಾರೆ. ಅದೇ ಹೆಚ್ಚು ಕಿರಿಕಿರಿ. ಒರಟರಾಗಿದ್ದರೆ ಬೈಯಬಹುದಿತ್ತು.

ಈ ಅಭ್ಯಾಸದ ಪೂರ್ಣ ವೈಭವ ನೋಡಬೇಕಾದರೆ ಇನ್ವರ್ಟರ್ ಬ್ಯಾಟರಿಯ ಪ್ರಸಂಗವನ್ನೇ ನೋಡಬೇಕು. ಬೇಸಿಗೆ, ಸಂಜೆ ಹೊತ್ತು. ‘150 ಎಎಚ್ ಟ್ಯೂಬುಲರ್ ಬ್ಯಾಟರಿ ಎಷ್ಟು ವರ್ಷ ಬರ್ತೈತಿ? ನಮ್ಮದು ಅರ್ಧ ತಾಸೂ ನಿಲ್ತಿಲ್ಲ’ ಎಂದು ಪ್ರಶ್ನೆ. ದಾವಣಗೆರೆಯ ಜನ ಉತ್ತರ ಕೊಡುವುದರಲ್ಲಿ ಕಂಜೂಸರಲ್ಲ. ಹತ್ತು ನಿಮಿಷದಲ್ಲಿ ಅಂಗಡಿ ನಂಬರ್ ಸಮೇತ ಎಲ್ಲ ಬಂತು. ನಂಬರ್ ಸಿಕ್ಕಿದ್ದೇ ಕೇಳಿದವರು ಪ್ರಶ್ನೆ ಅಳಿಸಿ ಊಟಕ್ಕೆ ಕೂತರು. ರಾತ್ರಿ ಗ್ರೂಪ್ ತೆರೆದವರಿಗೆ ಕಂಡದ್ದು ಇದು:

‘ನಮ್ಮದು ಆರು ವರ್ಷ ಇತ್ತು. ಕೊನೆಕೊನೆಗೆ ಹೊಟ್ಟೆ ಊದಿಕೊಂಡಿತ್ತು.’

‘ನಮ್ಮದೂ ಹಂಗೇ. ಮೈ ಬಿಸಿ ಆಗಾಕ ಶುರು ಆತು ಅಂದ್ರೆ ಮುಗೀತು ಅಂತ ತಿಳ್ಕೊಳ್ರಿ.’

‘ಟೈಮಿಗೆ ಸರಿಯಾಗಿ ನೀರು ಹಾಕಿದ್ದರೆ ಇನ್ನೊಂದೆರಡು ವರ್ಷ ಇರ್ತಿತ್ತು. ಮನೆಯವರು ನೋಡಿಕೊಳ್ಳಂಗಿಲ್ಲ, ಅದೇ ಪ್ರಾಬ್ಲಂ.’

‘ಇನ್ನು ದುಡ್ಡು ಸುರೀಬ್ಯಾಡ್ರೀ. ವಯಸ್ಸಾದ ಮೇಲೆ ಏನು ಮಾಡಿದ್ರೂ ಅಷ್ಟೇ.’

‘ಫೋನ್ ಮಾಡಿದ್ರೆ ಅವರೇ ಗಾಡಿ ತಂದು ಎತ್ಕೊಂಡು ಹೋಗ್ತಾರೆ. ಹೊರಾಕ ಇಬ್ಬರು ಬೇಕು.’

ಹತ್ತು ಗಂಟೆ ಸುಮಾರಿಗೆ ಮೊದಲ ‘ಓಂ ಶಾಂತಿ’ ಬಿತ್ತು. ಗ್ರೂಪಿನಲ್ಲಿ ಸಂತಾಪಕ್ಕೆ ಅದರದೇ ವೇಗವಿದೆ. ಒಂದು ಜೋಡಿ ಕೈ ಮುಗಿದರೆ ಉಳಿದವರು ಮೇಲೆ ಏನಿದೆ ಎಂದು ನೋಡುವುದಿಲ್ಲ, ನೋಡುವುದು ಅಗೌರವ. ಹನ್ನೊಂದರ ಹೊತ್ತಿಗೆ ಪರದೆ ತುಂಬ ಮುಗಿದ ಕೈಗಳು. ‘ಬಹಳ ಒಳ್ಳೆಯ ಜೀವ’ ಎಂದು ಒಬ್ಬರು ಬರೆದರು. ‘ಮೊನ್ನೆ ತಾನೇ ಮಾತಾಡಿಸಿದ್ದೆ’ ಎಂದು ಇನ್ನೊಬ್ಬರು. ಬೆಳಗ್ಗೆ ಎದ್ದವರೊಬ್ಬರು, ಹೋಗುವುದಿದ್ದರೆ ಹೂವಿನ ಹಾರ ತರಬೇಕಲ್ಲ, ‘ಮಣ್ಣು ಎಷ್ಟೊತ್ತಿಗೆ?’ ಎಂದು ಕೇಳಿದರು. ಬ್ಯಾಟರಿ ಅಂಗಡಿಯವರೂ ಅದೇ ಗ್ರೂಪಿನ ಸದಸ್ಯರು. ತಮಗೇ ಕೇಳಿದ್ದೆಂದು ತಿಳಿದು ಉತ್ತರಿಸಿದರು: ‘ಹನ್ನೊಂದಕ್ಕೆ ಗಾಡಿ ಕಳಿಸ್ತೀನಿ. ಹಳೇದಕ್ಕೆ ತೂಕದ ಮೇಲೆ ರೇಟ್.’

ಆ ಉತ್ತರಗಳಲ್ಲಿ ಒಂದೂ ತಪ್ಪಿರಲಿಲ್ಲ ಎಂಬುದೇ ಸಂಕಟ. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಸೆಲ್, ಆರಕ್ಕೂ ಒಂದೊಂದು ತೇಲುಕಡ್ಡಿ. ಕಡ್ಡಿ ಕೆಂಪು ಗೆರೆಗೆ ಇಳಿಯುವ ಮೊದಲೇ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಬೋರ್‌ವೆಲ್ ನೀರು ಹಾಕಿದರೆ ಅದರ ಲವಣ ಪ್ಲೇಟುಗಳನ್ನು ಕೆಡಿಸುತ್ತದೆ. ನೀರು ಇಳಿದು, ಚಾರ್ಜ್ ಹೆಚ್ಚಾಗಿ, ಬಿಸಿಯೇರಿದರೆ ಪೆಟ್ಟಿಗೆಯ ಗೋಡೆ ಉಬ್ಬುತ್ತದೆ. ಉಬ್ಬಿದ ಮೇಲೆ ದುರಸ್ತಿಯಿಲ್ಲ. ಅಷ್ಟೂ ಜ್ಞಾನದ ಸಾರ ಆ ಐದು ಸಾಲಿನಲ್ಲಿ ಇತ್ತು. ಮೇಲಿದ್ದ ಒಂದೇ ಸಾಲು ಹೋದದ್ದಕ್ಕೆ ಅದೆಲ್ಲ ಚರಮಗೀತೆಯಾಯಿತು.

ಏಕೆ ಅಳಿಸುತ್ತೀರಿ ಎಂದು ಕೇಳಿದರೆ ಸಿಗುವ ಕಾರಣಗಳು ತರಹೇವಾರಿ. ‘ಕೆಲಸ ಆಯ್ತಲ್ಲ, ಗ್ರೂಪ್ ಕ್ಲೀನ್ ಇರ್ಲಿ ಅಂತ.’ ಗುಡ್ ಮಾರ್ನಿಂಗ್ ಗುಲಾಬಿಗಳು ಸಾಲುಸಾಲಾಗಿ ಬಿದ್ದಿರುವ ಗ್ರೂಪಿನಲ್ಲಿ ಇವರ ಪೊರಕೆಗೆ ಸಿಕ್ಕಿದ್ದು ಬ್ಯಾಟರಿ ಪ್ರಶ್ನೆ. ‘ಇಷ್ಟು ಸಣ್ಣದನ್ನ ಕೇಳಿದ್ನಲ್ಲ ಅಂತ ನಾಚಿಕೆ ಆಯ್ತು.’ ಇದನ್ನು ಕ್ಷಮಿಸಬಹುದು. ಕ್ಷಮಿಸಲಾಗದ್ದು ಮೂರನೆಯದು: ‘ನನ್ನ ಮೆಸೇಜು, ನಾನು ಅಳಿಸ್ದೆ.’ ಸಂಜೆ ಒಬ್ಬರು ಪೇಪರ್ ಹಾಸುತ್ತಾರೆ, ಇನ್ನೊಬ್ಬರು ಮಂಡಕ್ಕಿ ಸುರಿಯುತ್ತಾರೆ, ಮತ್ತೊಬ್ಬರು ಈರುಳ್ಳಿ ಹೆಚ್ಚಿ ಹಾಕುತ್ತಾರೆ, ಯಾರೋ ಬಿಸಿ ಮಿರ್ಚಿ ತಂದಿಡುತ್ತಾರೆ. ತನ್ನ ಹೊಟ್ಟೆ ತುಂಬಿದ ಮೇಲೆ ಪೇಪರ್ ಹಾಸಿದವನು ‘ಪೇಪರ್ ನಂದು’ ಎಂದು ಎಳೆದುಕೊಂಡು ಎದ್ದರೆ ಹೇಗಿರುತ್ತದೋ, ಇದು ಹಾಗೆ. ಪೇಪರ್ ಅವನದೇ, ಸುಳ್ಳಲ್ಲ.

ಕಂಪನಿಯೂ ಇವರ ಕಡೆಗೇ ಇದೆ. 2017ರಲ್ಲಿ ‘ಎಲ್ಲರಿಗೂ ಅಳಿಸು’ ಬಂದಾಗ ಕೊಟ್ಟದ್ದು ಏಳೇ ನಿಮಿಷ. ತಪ್ಪಿ ಬೀಗರ ಗ್ರೂಪಿಗೆ ಹೋದದ್ದನ್ನು ಎದೆ ಬಡಿದುಕೊಂಡು ವಾಪಸ್ ಪಡೆಯಲು ಅಷ್ಟು ಸಾಕು. ಆಮೇಲೆ ಅದು ಒಂದು ಗಂಟೆ ಎಂಟು ನಿಮಿಷ ಚಿಲ್ಲರೆಯಾಯಿತು. 2022ರಿಂದ ಎರಡು ದಿನಕ್ಕೂ ತುಸು ಹೆಚ್ಚು. ಎರಡು ದಿನವೆಂದರೆ ಪ್ರಶ್ನೆ ಕೇಳಿ, ಉತ್ತರ ಪಡೆದು, ಬ್ಯಾಟರಿ ಕೂರಿಸಿ, ಫ್ಯಾನ್ ಕೆಳಗೆ ಒಂದು ನಿದ್ದೆ ತೆಗೆದು, ಎದ್ದು ಅಳಿಸಲು ಧಾರಾಳ ಸಮಯ. ತಾನಾಗಿ ಮಾಯವಾಗುವ ಸಂದೇಶಗಳನ್ನು ಬೇರೆಯವರು ಹಿಡಿದಿಟ್ಟುಕೊಳ್ಳುವ ಸೌಲಭ್ಯ 2023ರಲ್ಲಿ ಬಂತು. ಅಲ್ಲೂ ಬರೆದವರು ಬೇಡ ಎಂದರೆ ಬೇಡ. ಸದಸ್ಯರು ತಮ್ಮ ಸಂದೇಶ ಅಳಿಸದಂತೆ ತಡೆಯುವ ಗುಂಡಿ ಅಡ್ಮಿನ್‌ಗೂ ಇಲ್ಲ.

ಒಂದು ಉಪಾಯವಿದೆ, ಯಾರೂ ಮಾಡುವುದಿಲ್ಲ. ಉತ್ತರ ಬರೆಯುವ ಮುನ್ನ ಪ್ರಶ್ನೆಯ ಮೇಲೆ ಬೆರಳಿಟ್ಟು ಬಲಕ್ಕೆ ಸರಿಸಿ. ಪ್ರಶ್ನೆಯ ತುಣುಕು ನಿಮ್ಮ ಉತ್ತರದ ನೆತ್ತಿಯ ಮೇಲೆ ಬಂದು ಕೂರುತ್ತದೆ. ಗ್ರೂಪಿನ ಮಾತು ಎಲ್ಲೋ ಒಂದು ಕಡೆ ಗೋಡೆಗೆ ಅಂಟಿಸಿದ್ದಲ್ಲ, ಪ್ರತಿಯೊಬ್ಬರ ಫೋನಿನಲ್ಲೂ ಅದರ ಒಂದೊಂದು ಪ್ರತಿ ಇರುತ್ತದೆ. ಅಳಿಸುವುದೆಂದರೆ ಆ ಎಲ್ಲ ಫೋನುಗಳಿಗೂ ‘ಇದನ್ನು ತೆಗೆಯಿರಿ’ ಎಂದು ಹೇಳಿ ಕಳಿಸುವುದು. ನಿಮ್ಮ ಉತ್ತರದೊಳಗೆ ಸೇರಿಕೊಂಡ ತುಣುಕು ನಿಮ್ಮ ಸಂದೇಶದ ಭಾಗ. ಮೂಲ ಹೋದರೂ ಅದು ಅಲ್ಲೇ ಇರುತ್ತದೆ. ಒಬ್ಬರೇ ಒಬ್ಬರು ಸರಿಸಿ ಉತ್ತರಿಸಿದ್ದರೂ ಆ ರಾತ್ರಿ ಅಷ್ಟು ಕೈಗಳು ಮುಗಿಯುತ್ತಿರಲಿಲ್ಲ. ಆದರೆ ನಮ್ಮ ಹಿರಿಯರು ಸರಿಸುವುದಿಲ್ಲ. ಕೆಳಗಿನ ಡಬ್ಬಿಯಲ್ಲಿ ನೇರ ಬರೆಯುತ್ತಾರೆ, ಅಷ್ಟರಲ್ಲಿ ನಡುವೆ ನಾಲ್ಕು ಮಾತು ಬಂದಿರುತ್ತದೆ, ‘ಹೌದು’ ಎಂಬುದು ಯಾವುದಕ್ಕೋ ಹೌದಾಗುತ್ತದೆ.

ಇನ್ನೊಂದು ಜಾತಿ ‘ಪರ್ಸನಲ್ಲಾಗಿ ಕಳಿಸೀನಿ ನೋಡ್ರಿ’ ಎನ್ನುವವರದು. ಪ್ರಶ್ನೆ ಎಲ್ಲರೆದುರು, ಉತ್ತರ ಗುಟ್ಟಾಗಿ. ಪ್ಲಂಬರ್ ನಂಬರಿನಲ್ಲಿ ಅಂಥ ರಾಜರಹಸ್ಯ ಏನಿದೆಯೋ. ಅದಕ್ಕೆ ಕೇಳಿದವರು ಹೆಬ್ಬೆರಳು ತೋರಿಸುತ್ತಾರೆ, ನೂರಾರು ಜನ ಆ ಹೆಬ್ಬೆರಳು ನೋಡುತ್ತಾರೆ. ಪ್ರಶ್ನೆಯನ್ನೇ ತಿದ್ದುವವರೂ ಇದ್ದಾರೆ. ಹದಿನೈದು ನಿಮಿಷದೊಳಗೆ ತಿದ್ದಬಹುದು. ‘ಬೆಣ್ಣೆ ದೋಸೆ ಎಲ್ಲಿ ಚಲೋ’ ಎಂದು ಕೇಳಿ, ಉತ್ತರ ಬಂದ ಮೇಲೆ ಅದನ್ನು ‘ಮೂಳೆ ಡಾಕ್ಟರ್ ಯಾರು ಚಲೋ’ ಎಂದು ಬದಲಿಸಿದರೆ, ಪಾಪದ ಹೋಟೆಲಿನವರು ಆಪರೇಷನ್ ಮಾಡುವವರಾಗುತ್ತಾರೆ. ‘ತಿದ್ದಲಾಗಿದೆ’ ಎಂಬ ಸಣ್ಣಕ್ಷರವನ್ನು ಓದುವಷ್ಟು ಕಣ್ಣು ಯಾರಿಗಿದೆ?

ಮಾಲೀಕತ್ವದ ಮಾತು ಬಂದಾಗ ಅಡ್ಮಿನ್ ಸುಮ್ಮನಿರುವುದಿಲ್ಲ. ‘ನನ್ನ ಗ್ರೂಪು, ನನ್ನ ರೂಲ್ಸು.’ ಗ್ರೂಪ್ ಮಾಡಿದ ಮೂಲಪುರುಷನನ್ನು ಬೇರೆ ಅಡ್ಮಿನ್‌ಗಳು ತೆಗೆದುಹಾಕಲು ಬರುವುದಿಲ್ಲ, ಅವರಾಗಿ ಹೊರಹೋಗಬೇಕು. ಅಷ್ಟು ನಿಜ. ಆದರೆ ಅದನ್ನು ಪಹಣಿ ಎಂದು ತಿಳಿಯಬೇಕಿಲ್ಲ. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್, ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಎಂದವು. ಅವರಿಗಿರುವ ಅಧಿಕಾರ ಮುಖ್ಯವಾಗಿ ಸದಸ್ಯರನ್ನು ಸೇರಿಸುವುದು, ತೆಗೆಯುವುದು, ಅಷ್ಟೇ ಎಂಬುದು ಆ ಕೋರ್ಟುಗಳ ಮಾತು. ತಮಾಷೆಯೆಂದರೆ ಹೊಣೆಯ ಮಾತು ಬಂದಾಗ ಪ್ರತಿ ಅಡ್ಮಿನ್ನೂ ಈ ತೀರ್ಪುಗಳನ್ನು ಬಾಯಿಪಾಠ ಹೇಳುತ್ತಾರೆ, ‘ನನ್ನ ಗ್ರೂಪು’ ಎನ್ನುವಾಗ ಮರೆಯುತ್ತಾರೆ.

1995ರ ಅಕ್ಟೋಬರಿನಲ್ಲಿ, ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯೊಳಗಿದ್ದ ಕಾಲದಲ್ಲಿ, ಇಂಟರ್ನೆಟ್ಟಿನ ಶಿಷ್ಟಾಚಾರಕ್ಕೆಂದೇ ಆರ್‌ಎಫ್‌ಸಿ 1855 ಎಂಬ ಕೈಪಿಡಿ ಬಂತು. ಇಂಗ್ಲಿಷನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆದರೆ ಕಿರುಚಿದಂತೆ ಎಂಬ ಎಚ್ಚರಿಕೆ ಅದರಲ್ಲೇ ಇದೆ. ಇನ್ನೊಂದು ಮಾತೂ ಇದೆ: ಪ್ರಶ್ನೆ ಕೇಳಿದವರು, ಬಂದ ಉತ್ತರಗಳ ಸಾರವನ್ನು ಮತ್ತೆ ಎಲ್ಲರೆದುರು ಹಾಕಬೇಕು, ಬಂದದ್ದನ್ನೆಲ್ಲ ಗುಡ್ಡೆ ಹಾಕದೆ, ನಿಜವಾಗಿ ಸಾರ ತೆಗೆದು. ಅಳಿಸಬೇಡಿ ಎಂದು ಕೈಪಿಡಿ ಬರೆದವರು ಹೇಳಲೇ ಇಲ್ಲ. ಸಾರ ಬರೆಯುವಷ್ಟು ಸಜ್ಜನರು ಅಳಿಸಿಯಾರು ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಸಾರ ಬರೆಯಲು ಮೂರು ಸಾಲು ಸಾಕು. ಕೇಳಿದ್ದೇನು, ಹೇಳಿದ್ದೇನು, ಕೊನೆಗೆ ಆದದ್ದೇನು. ‘ಪ್ಲಂಬರ್ ಬೇಕಿತ್ತು, ಟ್ಯಾಂಕಿನ ವಾಲ್ವ್ ಸೋರುತ್ತಿತ್ತು. ಇಂಥವರು ಬಂದರು, ಫ್ಲೋಟ್ ವಾಲ್ವ್ ಬದಲಿಸಿದರು. ಸಾಮಾನು ಇಷ್ಟು, ಕೂಲಿ ಇಷ್ಟು, ಹೇಳಿದ ದಿನಕ್ಕೆ ಬರಲಿಲ್ಲ, ಮರುದಿನ ಬಂದರು.’ ಕೊನೆಯ ವಾಕ್ಯವೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಪ್ಲಂಬರ್ ಎಂಬುದನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಬರೆದರೆ ಇನ್ನೂ ಒಳ್ಳೆಯದು. ಗ್ರೂಪಿನ ಹುಡುಕಾಟಕ್ಕೆ ಲಿಪಿ ದಾಟಲು ಬರುವುದಿಲ್ಲ. ಕನ್ನಡದಲ್ಲಿ ಹುಡುಕಿದರೆ ಕನ್ನಡದಲ್ಲಿ ಬರೆದದ್ದಷ್ಟೇ ಸಿಗುತ್ತದೆ. ಅಡ್ಮಿನ್ ಬೇಕಾದರೆ ಅದನ್ನು ಮೇಲೆ ಪಿನ್ ಮಾಡಬಹುದು, ಮೂವತ್ತು ದಿನದವರೆಗೆ ನಿಲ್ಲುತ್ತದೆ. ಪಿನ್ ಮಾಡಲು ಮೂರೇ ಜಾಗ. ಅವು ಮೂರರಲ್ಲೂ ಸದ್ಯ ಅಡ್ಮಿನ್‌ರ ಹುಟ್ಟುಹಬ್ಬದ ಫೋಟೋ ಇರುತ್ತದೆ ಎಂಬುದು ಬೇರೆ ಮಾತು.

ಇದೆಲ್ಲ ತಲೆಹರಟೆ ಎನಿಸಿದರೆ, ಬಡಾವಣೆ ಹುಟ್ಟಿದಾಗಿನಿಂದ ಇದ್ದ ಹಿರಿಯರ ಉತ್ತರಗಳನ್ನು ಒಮ್ಮೆ ನೋಡಬೇಕು. ಅಂಥ ಒಬ್ಬರು ಎಲ್ಲ ಕಡೆ ಇರುತ್ತಾರೆ. ಯಾವ ರಸ್ತೆಯ ಕೆಳಗೆ ಯಾವ ಪೈಪು, ಯಾವ ಕಂಬದಿಂದ ಯಾವ ಮನೆಗೆ ಲೈನು, ಎಲ್ಲ ತಲೆಯಲ್ಲೇ. ಕೇಳಿದ್ದಕ್ಕೆಲ್ಲ ಒಂದೇ ಬೆರಳಲ್ಲಿ ನಿಧಾನ ಕುಟ್ಟಿ ಉತ್ತರ ಹಾಕುತ್ತಿದ್ದರು. ಅವರು ತೀರಿಹೋದ ಮೇಲೆ ಮಾತುಗಳು ಉಳಿದಿವೆ. ‘ಬಲಗಡೆಯದು. ಎರಡು ಸುತ್ತು ಸಾಕು, ಪೂರ್ತಿ ತಿರುಗಿಸಬೇಡಿ, ಮುರಿಯುತ್ತೆ.’ ‘ಅಲ್ಲಿ ಅಗೆಯಬೇಡಿ, ಮೂರು ಅಡಿ ಈಚೆಗೆ ಬನ್ನಿ.’ ಯಾವುದರ ಬಲಗಡೆ? ಎಲ್ಲಿಂದ ಮೂರು ಅಡಿ? ಮೇಲೆ ಬೂದು ಅಕ್ಷರದ ಪಟ್ಟಿ. ಈ ‘ಓಂ ಶಾಂತಿ’ಗೆ ಮಾತ್ರ ಅರ್ಥವಿತ್ತು, ಅದನ್ನೂ ಜನ ಹಾಕಿದರು, ಮರುದಿನ ನೀರಿನ ಪ್ರಶ್ನೆಗೆ ಮರಳಿದರು.

ಸಂಪ್ ತೊಳೆಸಿದವರಿಗೆ ಇವತ್ತು ಮಧ್ಯಾಹ್ನ ಒಬ್ಬರು ಬಹಳ ನಯವಾಗಿ ಕೇಳಿದರು: ‘ಸರ್, ಪ್ರಶ್ನೆ ಅಳಿಸಬ್ಯಾಡ್ರಿ, ನಮಗೂ ಉಪಯೋಗ ಆಗ್ತೈತಿ.’ ಅವರು ಕೂಡಲೇ ಏನೋ ಉತ್ತರ ಬರೆದರು. ಜನ ತೆರೆದು ಓದುವಷ್ಟರಲ್ಲಿ ಅದು ಅಳಿಸಿಹೋಗಿತ್ತು. ಆಂಡ್ರಾಯ್ಡ್ 11ರಿಂದೀಚೆಗಿನ ಫೋನುಗಳಲ್ಲಿ ನೋಟಿಫಿಕೇಶನ್ ಹಿಸ್ಟರಿ ಎಂದೊಂದಿದೆ, ಮೊದಲೇ ಆನ್ ಮಾಡಿಟ್ಟರೆ ಹಿಂದಿನ 24 ಗಂಟೆಯಲ್ಲಿ ಬಂದ ಸೂಚನೆಗಳು ಅಲ್ಲಿ ಸಿಗುತ್ತವೆ. ಮೂರನೇ ಕ್ರಾಸಿನವರೊಬ್ಬರು ಆನ್ ಮಾಡಿಟ್ಟಿದ್ದರು. ಹುಡುಕಿ, ಗ್ರೂಪಿಗೆ ಓದಿ ಹೇಳಿದರು.

‘ಆಯ್ತು ಸರ್, ಇನ್ಮೇಲೆ ಅಳಿಸಲ್ಲ.’