ಹಕ್ಕಿ ಕೂತ ಮರಳಿನಲ್ಲಿ ನಾಯಿಯ ಹಗ್ಗ ಬಿಡಬೇಡಿ

ನವೆಂಬರ್ ಬಂತೆಂದರೆ ಒಂದು ಥರದ ವಿಡಿಯೋಗಳು ಶುರುವಾಗುತ್ತವೆ. ಕಡಲ ತೀರ, ಮರಳ ಮೇಲೆ ಗುಂಪಾಗಿ ಕೂತ ಹಕ್ಕಿಗಳು, ದೂರದಿಂದ ಓಡಿ ಬರುವ ನಾಯಿ. ನಾಯಿ ನುಗ್ಗಿದ ಕೂಡಲೇ ಇಡೀ ಗುಂಪು ಒಮ್ಮೆಲೇ ಮೇಲೇಳುತ್ತದೆ. ಅದನ್ನು ನಿಧಾನ ಮಾಡಿ, ಹಿಂದೆ ಒಂದು ಹಾಡು ಹಾಕಿರುತ್ತಾರೆ. ಕೆಳಗೆ ಲೈಕುಗಳ ಸುರಿಮಳೆ. ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ವಿಡಿಯೋ ಹಾಕಿದವರು ಕೆಟ್ಟವರಲ್ಲ. ನಾಯಿಯನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸುವವರೇ. ಹಾಗಾಗಿಯೇ ಅವರಿಗೆ ಈ ಮಾತು ಹೇಳಬೇಕು ಅನಿಸಿತು.

ನಾನೂ ನಾಯಿ ಸಾಕಿದವನು. ಅವಳ ಹೆಸರು ಕೆಂಚಿ. ಕೆಂಪು ಮೈ, ಬಿಳಿ ಎದೆಯ ಊರ ನಾಯಿ. ಕುಂದಾಪುರದ ಕೋಡಿ ಕಡೆ ಬೆಳಿಗ್ಗೆ ನಾವಿಬ್ಬರೂ ಮರಳ ಮೇಲೆ ನಡೆಯುತ್ತೇವೆ. ನನ್ನ ಹೆಗಲಲ್ಲಿ ಕ್ಯಾಮೆರಾ, ಸೊಂಟಕ್ಕೆ ಅವಳ ಹಗ್ಗ. ನಾನು ಹೇಳುವುದು ಇಷ್ಟೇ: ಚಳಿಗಾಲದ ಹಕ್ಕಿಗಳು ನಮ್ಮ ತೀರದಲ್ಲಿ ಇರುವಷ್ಟು ದಿನ, ಅವು ಕೂತ ಜಾಗದ ಹತ್ತಿರ ನಾಯಿಯ ಹಗ್ಗ ಬಿಡಬಾರದು. ಫೋಟೋಕ್ಕಾಗಿ ಹಕ್ಕಿ ಎಬ್ಬಿಸುವವರಿಗೂ ಇದೇ ಮಾತು. ಹಕ್ಕಿಯ ಪಾಲಿಗೆ ಎರಡೂ ಒಂದೇ.

ಕೋಡಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಕಡಲು ಸೇರುವ ಅಳಿವೆ ಇದು. ಆಚೆ ದಡ ಗಂಗೊಳ್ಳಿ. ಹೊಳೆ ತಂದ ಕೆಸರು, ಕಡಲು ತಂದ ಮರಳು ಎರಡೂ ಇಲ್ಲಿ ಬೆರೆಯುತ್ತವೆ. ಆ ಮಣ್ಣಿನೊಳಗೆ ಹುಳ, ಸಣ್ಣ ಚಿಪ್ಪು, ಏಡಿಮರಿ ತುಂಬಿರುತ್ತವೆ. ಅದಕ್ಕಾಗಿಯೇ ಹಕ್ಕಿಗಳು ಬರುವುದು.

ಅವು ಎಲ್ಲಿಂದ ಬರುತ್ತವೆ ಅಂತ ತಿಳಿದ ಮೇಲೆ ಈ ತೀರವನ್ನು ನಾನು ನೋಡುವ ರೀತಿಯೇ ಬದಲಾಯಿತು. ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡದು, ಬೂದು ಬೆನ್ನು, ಬಿಳಿ ಹೊಟ್ಟೆ, ನಾಲ್ಕು ಹೆಜ್ಜೆ ಓಡಿ ಟಕ್ಕನೆ ನಿಂತು ಮರಳು ಕುಕ್ಕುವ ಹಕ್ಕಿಯನ್ನು ನೀವೂ ನೋಡಿರುತ್ತೀರಿ. ಅದು ಸ್ಯಾಂಡ್ ಪ್ಲೋವರ್. ಪಕ್ಷಿತಜ್ಞರು ಈಚೆಗೆ ಟಿಬೆಟಿನದ್ದು ಬೇರೆ, ಸೈಬೀರಿಯಾದ್ದು ಬೇರೆ ಅಂತ ಅದನ್ನು ಎರಡು ಜಾತಿ ಮಾಡಿದ್ದಾರೆ. ನಮ್ಮ ಕಡೆ ಬರುವುದು ಟಿಬೆಟಿನದ್ದು. ಸಮುದ್ರ ಮಟ್ಟದಿಂದ 4000 ಮೀಟರ್‌ಗೂ ಎತ್ತರದ ಬಯಲಿನಲ್ಲಿ ಅದು ಮರಿ ಮಾಡುತ್ತದೆ. ಆಮೇಲೆ ಹಿಮಾಲಯ ದಾಟಿ ಬಂದು, ಕಡಲ ನೀರು ಕಾಲು ತಾಗುವ ಜಾಗದಲ್ಲಿ ಚಳಿಗಾಲ ಕಳೆಯುತ್ತದೆ. ತೂಕ ಎಷ್ಟು? 60–70 ಗ್ರಾಂ, ಅಷ್ಟೇ.

ಸ್ಯಾಂಡರ್ಲಿಂಗ್ ಇನ್ನೂ ದೂರದ್ದು, ಉತ್ತರ ಧ್ರುವದ ಹತ್ತಿರದ ಬಯಲಿನ ಹಕ್ಕಿ. ಅಲೆ ಹಿಂದೆ ಸರಿದಾಗ ಅದರ ಬೆನ್ನಟ್ಟಿ ಓಡುತ್ತದೆ, ಅಲೆ ಬಂದಾಗ ಮುಂದೆ ಓಡುತ್ತದೆ. ಬೇರೆ ಹಕ್ಕಿಗಳಿಗಿರುವ ಹಿಂಬೆರಳು ಅದಕ್ಕಿಲ್ಲ, ಪಾದವೇ ಓಟಕ್ಕೆ ಆದದ್ದು. ಬಿಲ್ಲಿನ ಹಾಗೆ ಬಾಗಿದ ಕೊಕ್ಕಿನ ಕರ್ಲ್ಯೂ, ವಿಂಬ್ರೆಲ್ ಇವೆ. ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವ ದಿನ ಕಂದು ತಲೆಯ ಗಲ್‌ಗಳು ಬಲೆಯ ಮೇಲೆ ಕೂಗುತ್ತ ಸುತ್ತುತ್ತವೆ. ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮೊಟ್ಟೆ ಇಟ್ಟು ಬಂದ ಹಕ್ಕಿಗಳವು. ನಮ್ಮ ಬೂತಾಯಿ ಮೀನು ತಿನ್ನೋಕೆ ಅಷ್ಟು ದೂರದಿಂದ!

ಇದನ್ನೆಲ್ಲ ಹೇಳಿದರೆ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ. "ಹಾರಿದ್ರೆ ಏನಾಯ್ತು? ರೆಕ್ಕೆ ಇರೋದೇ ಹಾರೋಕೆ ಅಲ್ವಾ? ಎರಡು ನಿಮಿಷಕ್ಕೆ ಮತ್ತೆ ಬಂದು ಕೂರುತ್ತವೆ."

ಕೂರುತ್ತವೆ, ನಿಜ. ಆದರೆ ಆ ಎರಡು ನಿಮಿಷಕ್ಕೆ ಬೆಲೆ ಇದೆ. ಈ ಹಕ್ಕಿಗಳ ದಿನ ನಡೆಯುವುದು ಗಡಿಯಾರದಿಂದ ಅಲ್ಲ, ಉಬ್ಬರ ಇಳಿತದಿಂದ. ಇಳಿತದಲ್ಲಿ ಒದ್ದೆ ಮರಳು ತೆರೆದುಕೊಂಡಾಗ ಮಾತ್ರ ಊಟ. ರಾತ್ರಿ ಇಳಿತವಾದರೆ ಕತ್ತಲಲ್ಲೂ ತಿನ್ನುತ್ತವೆ. ಭರತ ಏರಿದಾಗ ಊಟದ ಜಾಗ ನೀರಿನಡಿ ಹೋಗುತ್ತದೆ. ಆಗ ಉಳಿದ ಚೂರು ಮರಳ ದಿಬ್ಬದಲ್ಲಿ ಎಲ್ಲವೂ ಒತ್ತೊತ್ತಾಗಿ, ಒಂದು ಕಾಲಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿ ಕಾಯುತ್ತವೆ. ನಮಗೆ ಅವು ಸುಮ್ನೆ ಕೂತ ಹಾಗೆ ಕಾಣುತ್ತದೆ. ಅವು ತಿಂದದ್ದನ್ನು ಅರಗಿಸುತ್ತಿರುತ್ತವೆ, ಶಕ್ತಿ ಉಳಿಸುತ್ತಿರುತ್ತವೆ. ನಾಯಿ ನುಗ್ಗುವ ವಿಡಿಯೋಗಳು ಹೆಚ್ಚಾಗಿ ಇದೇ ಹೊತ್ತಿನವು, ಯಾಕೆಂದರೆ ಹಕ್ಕಿ ದಟ್ಟವಾಗಿ ಸಿಗುವುದು ಆಗಲೇ. ಅವುಗಳಿಗೆ ಹೋಗಲು ಬೇರೆ ಜಾಗ ಇಲ್ಲದಿರುವುದೂ ಆಗಲೇ.

ಮಾರ್ಚ್, ಏಪ್ರಿಲ್ ಇನ್ನೂ ಸೂಕ್ಷ್ಮ. ಪ್ಲೋವರ್‌ನ ಬೂದು ಎದೆ ಆಗ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ತುಂಬ ಚೆಂದ ಕಾಣುತ್ತದೆ. ಊರಿಗೆ ಹೊರಡುವ ತಯಾರಿ ಅದು. ದೂರದ ಹಾರಾಟಕ್ಕೆ ಬೇಕಾದ ಕೊಬ್ಬನ್ನು ಈ ವಾರಗಳಲ್ಲೇ ಮೈಗೆ ತುಂಬಿಕೊಳ್ಳಬೇಕು. ಆ ಕೊಬ್ಬಿನಿಂದ ಏನಾಗುತ್ತದೆ ಅನ್ನೋದಕ್ಕೆ ಒಂದು ಉದಾಹರಣೆ ಕೇಳಿ. 2022ರ ಅಕ್ಟೋಬರ್‌ನಲ್ಲಿ, ಉಪಗ್ರಹ ಟ್ಯಾಗ್ ಕಟ್ಟಿದ್ದ ಬಾರ್-ಟೇಲ್ಡ್ ಗಾಡ್ವಿಟ್ ಹಕ್ಕಿಯೊಂದು ಅಲಾಸ್ಕಾದಿಂದ ಹೊರಟು, 11 ದಿನ ಎಲ್ಲೂ ಇಳಿಯದೆ 13,560 ಕಿಲೋಮೀಟರ್ ಹಾರಿ ಟಾಸ್ಮೇನಿಯಾ ಮುಟ್ಟಿತು. ಹುಟ್ಟಿ ಐದು ತಿಂಗಳ ಹಕ್ಕಿ! ನಮ್ಮ ಪ್ಲೋವರ್‌ಗಳ ದಾರಿ ಅಷ್ಟು ಉದ್ದದ್ದಲ್ಲ. ಆದರೆ ಲೆಕ್ಕ ಅದೇ: ಇಲ್ಲಿ ತುಂಬಿಕೊಂಡಷ್ಟು ದೂರ ಅಲ್ಲಿಗೆ ಹೋಗಬಹುದು. ದಿನಾ ನಾಲ್ಕು ಸಲ ಅವುಗಳನ್ನು ಎಬ್ಬಿಸುವುದು ಅಂದರೆ ಪ್ರಯಾಣ ಹೊರಟವನ ಬುತ್ತಿಗೆ ದಿನಾ ಕೈ ಹಾಕಿದ ಹಾಗೆ.

ಇನ್ನು ನಾಯಿಯ ವಿಷಯ. ಮೀನುಗಾರರು ಬಲೆ ಎಳೆಯುತ್ತ ಪಕ್ಕದಲ್ಲೇ ಓಡಾಡುತ್ತಾರೆ, ಹಕ್ಕಿಗಳು ನಾಲ್ಕು ಹೆಜ್ಜೆ ಸರಿದು ತಮ್ಮ ಕೆಲಸ ಮುಂದುವರಿಸುತ್ತವೆ. ನಾಯಿ ಬಹಳ ದೂರದಲ್ಲಿ ಕಂಡರೂ ಎಲ್ಲ ತಲೆಗಳೂ ಒಟ್ಟಿಗೆ ಮೇಲೇಳುತ್ತವೆ. ಕಾರಣ ಊಹಿಸುವುದು ಕಷ್ಟವಲ್ಲ. ಇವೆಲ್ಲ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳು. ಧ್ರುವದಲ್ಲಾಗಲಿ ಟಿಬೆಟಿನಲ್ಲಾಗಲಿ ಗೂಡು ಹುಡುಕಿ ಬರುವ ಶತ್ರುಗಳಲ್ಲಿ ನರಿಯೂ ಒಂದು. ನಾಲ್ಕು ಕಾಲು, ಚೂಪು ಮೂತಿ, ನೆಲ ಮೂಸುತ್ತ ಬರುವ ನಡಿಗೆ. ನಮ್ಮ ಕೆಂಚಿಗೆ ಕೊಲ್ಲುವ ಮನಸ್ಸಿಲ್ಲ ಅಂತ ನನಗೆ ಗೊತ್ತು, ಪ್ಲೋವರ್‌ಗೆ ಗೊತ್ತಾಗುವುದು ಹೇಗೆ?

ಆಸ್ಟ್ರೇಲಿಯಾದ ಸಿಡ್ನಿ ಹತ್ತಿರದ ಕಾಡುದಾರಿಗಳಲ್ಲಿ ನಡೆದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ನಾಯಿ ಕರೆದುಕೊಂಡು ಹೋದ ದಾರಿಗಳಲ್ಲಿ ಹಕ್ಕಿಗಳ ಸಂಖ್ಯೆ 41 ಶೇಕಡಾ ಕಡಿಮೆ ಕಂಡಿತು, ಜಾತಿಗಳು 35 ಶೇಕಡಾ ಕಡಿಮೆ. ಅಲ್ಲಿ ನಾಯಿಗಳಿಗೆ ಹಗ್ಗ ಕಟ್ಟಿಯೇ ಇತ್ತು! ಅದು ಕಾಡು, ಇದು ಕಡಲು, ಒಪ್ಪುತ್ತೇನೆ. ಆದರೂ ಹಗ್ಗ ಕಟ್ಟಿದ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ ಅನ್ನೋದು ಅದರಿಂದ ಸ್ಪಷ್ಟ. ದೂರವೂ ಬೇಕು. ನಾವು ಗುಂಪಿನಿಂದ ನೂರು ಹೆಜ್ಜೆ ಆಚೆಯೇ ಮೇಲಿನ ಒಣ ಮರಳಿಗೆ ಹತ್ತಿ, ಸುತ್ತು ಹಾಕಿ ಹೋಗುತ್ತೇವೆ. ಸುತ್ತಿನ ದಾರಿಯಲ್ಲಿ ಏಡಿ ಗೂಡುಗಳು ಜಾಸ್ತಿ, ಹಾಗಾಗಿ ಕೆಂಚಿಗೆ ಅದೇ ಇಷ್ಟ.

ಹಾಗಾದರೆ ನಾಯಿ ಜೊತೆಗಿದ್ದು ಫೋಟೋ ತೆಗೆಯೋದು ಹೇಗೆ? ನನ್ನ ಅನುಭವದಲ್ಲಿ ನಾಯಿ ಜೊತೆಗಿದ್ದರೆ ಫೋಟೋ ಚೆನ್ನಾಗಿಯೇ ಬರುತ್ತದೆ, ಯಾಕೆಂದರೆ ಅಟ್ಟಿಸಿಕೊಂಡು ಹೋಗಲು ಆಗುವುದಿಲ್ಲ. ಕೂರಲೇಬೇಕು. ನೀರು ಏರುವ ಹೊತ್ತು ನೋಡಿಕೊಂಡು, ಹಕ್ಕಿಗಳು ತಿನ್ನುತ್ತ ಬರುವ ದಿಕ್ಕಿನಲ್ಲಿ ಬಹಳ ಮುಂದೆ ಹೋಗಿ ಮೊದಲೇ ಮಲಗಿಬಿಡಬೇಕು. ಹೊಟ್ಟೆ ಮರಳಿಗೆ, ಮೊಣಕೈ ಮರಳಿಗೆ, ಲೆನ್ಸ್ ನೆಲದಿಂದ ಒಂದು ಗೇಣು ಮೇಲೆ. ಕೆಂಚಿ ನನ್ನ ಹಿಂದೆ ತೋಡಿದ ಗುಂಡಿಯಲ್ಲಿ ಗಲ್ಲ ಊರಿ ಮಲಗುತ್ತಾಳೆ. ಇದು ಒಂದು ದಿನದಲ್ಲಿ ಕಲಿಸಿದ್ದಲ್ಲ. ಮನೆಯಂಗಳದಲ್ಲಿ ಕೋಳಿಗಳ ಮುಂದೆ ಕೂರಿಸಿ, ಸುಮ್ಮನಿದ್ದಾಗಲೆಲ್ಲ ಕೊಬ್ಬರಿ ಚೂರು ಕೊಟ್ಟು ತಿಂಗಳುಗಟ್ಟಲೆ ಕಲಿಸಿದ್ದು. ನೀರು ಏರುತ್ತ ಹೋದ ಹಾಗೆ ಹಕ್ಕಿಗಳು ತಾವಾಗಿಯೇ ಈ ಕಡೆ ಸರಿಯುತ್ತವೆ. ಕೆಲವು ಸಲ ಲೆನ್ಸಿಗೆ ಫೋಕಸ್ ಸಿಗದಷ್ಟು ಹತ್ತಿರ ಬರುತ್ತವೆ. ಆ ಹೊತ್ತಿಗೆ ಉಸಿರಾಡೋಕೂ ಭಯವಾಗುತ್ತದೆ.

ನಮ್ಮ ಪಶ್ಚಿಮ ಕರಾವಳಿಯವರಿಗೆ ಒಂದು ಭಾಗ್ಯ ಇದೆ. ಬೆಳಗಿನ ಸೂರ್ಯ ನಮ್ಮ ಬೆನ್ನ ಹಿಂದೆ, ತೆಂಗಿನ ತೋಟದ ಕಡೆಯಿಂದ ಹುಟ್ಟುತ್ತಾನೆ. ನೀರಂಚಿನ ಹಕ್ಕಿಯ ಮೇಲೆ ಬೆಳಕು ನೇರ ಬೀಳುತ್ತದೆ, ಕಣ್ಣಿನೊಳಗೆ ಹೊಳಪು ಮೂಡುತ್ತದೆ. ಸಂಜೆ ಎಲ್ಲವೂ ಕಪ್ಪು ನೆರಳು. ಅದೂ ಚೆಂದವೇ, ಆದರೆ ಗರಿಯ ವಿವರ ಬೇಕಿದ್ದರೆ ಬೆಳಿಗ್ಗೆಯೇ ಬನ್ನಿ. ಬಿಸಿಲು ಏರಿದ ಮೇಲೆ ಮರಳಿನಿಂದ ಏಳುವ ಝಳಕ್ಕೆ ಎಂಥ ಲೆನ್ಸಾದರೂ ಚಿತ್ರ ಕಲಸಿಹೋಗುತ್ತದೆ. ಹೊಳೆಯುವ ಮರಳಿಗೆ ಕ್ಯಾಮೆರಾ ಮೋಸ ಹೋಗಿ ಹಕ್ಕಿಯನ್ನು ಕಪ್ಪಾಗಿಸುತ್ತದೆ, ಎಕ್ಸ್‌ಪೋಷರ್ ಸ್ವಲ್ಪ ಮೇಲಿಡಿ. ಓಡುವ ಸ್ಯಾಂಡರ್ಲಿಂಗ್‌ಗೆ ಶಟರ್ ವೇಗ ಸೆಕೆಂಡಿನ 1/2000ದ ಆಸುಪಾಸು ಬೇಕು. ತೀರದಲ್ಲಿ ಲೆನ್ಸ್ ಬದಲಿಸಬೇಡಿ. ಮನೆಗೆ ಬಂದ ಮೇಲೆ ಒದ್ದೆ ಬಟ್ಟೆಯಿಂದ ಉಪ್ಪು ಒರೆಸಿ.

ಹಕ್ಕಿಗೆ ನಾವು ಹೆಚ್ಚಾದೆವು ಅಂತ ತಿಳಿಯುವುದು ಸುಲಭ. ತಿನ್ನುವುದನ್ನು ನಿಲ್ಲಿಸುತ್ತದೆ. ಕತ್ತು ಉದ್ದ ಮಾಡುತ್ತದೆ. ಗುಂಪೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಡೆಯಲು ಶುರು ಮಾಡುತ್ತದೆ. ಅಷ್ಟಾದಾಗ ನಿಲ್ಲಿ, ಇಲ್ಲವೇ ಹಿಂದೆ ಬನ್ನಿ. ಇನ್ನೊಂದು ಹೆಜ್ಜೆ ಇಟ್ಟರೆ ಹಾರುತ್ತವೆ, ಹಾರುವ ಗುಂಪಿನ ಚಿತ್ರ ಸಿಗುತ್ತದೆ. ಅಂಥ ಚಿತ್ರವನ್ನು ನಾನು ಮೆಚ್ಚಲಾರೆ. ಗಿಡುಗ ಬಂದಾಗ, ಅಲೆ ಜೋರಾಗಿ ಹೊಡೆದಾಗ, ನೀರು ತುಂಬಿ ಜಾಗ ಬದಲಿಸುವಾಗ ಅವು ತಾವೇ ಹಾರುತ್ತವೆ. ಆಗ ತೆಗೆಯಿರಿ. ಫೋಟೋ ಸ್ಪರ್ಧೆ ನಡೆಸುವವರು ಈ ವ್ಯತ್ಯಾಸವನ್ನು ಕೇಳಿ ತಿಳಿದುಕೊಳ್ಳಬೇಕು ಅನ್ನೋದು ನನ್ನ ಬಲವಾದ ಅಭಿಪ್ರಾಯ.

ಹೀಗೆ ಕಾದು ತೆಗೆದ ಫೋಟೋದಿಂದ ಬೇರೆ ಉಪಯೋಗವೂ ಇದೆ. ಕೆಲವು ಹಕ್ಕಿಗಳ ಕಾಲಿಗೆ ಬಣ್ಣದ ಪಟ್ಟಿ, ಅದರ ಮೇಲೆ ಅಕ್ಷರ ಇರುತ್ತದೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ತಮಿಳುನಾಡಿನ ಪಾಯಿಂಟ್ ಕ್ಯಾಲಿಮೇರ್‌ನಂಥ ಜಾಗಗಳಲ್ಲಿ ಹಕ್ಕಿ ಹಿಡಿದು ಗುರುತು ಕಟ್ಟಿ ಬಿಡುವ ಕೆಲಸವನ್ನು ದಶಕಗಳಿಂದ ಮಾಡುತ್ತಿದ್ದಾರೆ. ಪಟ್ಟಿ ಸ್ಪಷ್ಟವಾಗಿ ಕಂಡರೆ ಆ ಹಕ್ಕಿ ಎಲ್ಲಿತ್ತು, ಯಾವಾಗ ಇತ್ತು ಅಂತ ತಿಳಿಯುತ್ತದೆ. ಮತ್ತೆ ಹಿಡಿಯಬೇಕಾಗಿಲ್ಲ.

"ತೀರದ ತುಂಬ ಬೀದಿನಾಯಿಗಳಿವೆ, ನಾನೊಬ್ಬ ನನ್ನ ನಾಯಿ ಕಟ್ಟಿದರೆ ಏನು ಪ್ರಯೋಜನ?" ಅಂತ ಒಬ್ಬ ಗೆಳೆಯರು ಕೇಳಿದರು. ನ್ಯಾಯವಾದ ಪ್ರಶ್ನೆ. ಬೀದಿನಾಯಿಗಳ ತೊಂದರೆ ದೊಡ್ಡದೇ. ಮೀನಿನ ಕಸ ಬಿದ್ದಲ್ಲೆಲ್ಲ ಅವು ಹೆಚ್ಚುತ್ತವೆ. ಕಡಲಾಮೆ ಮೊಟ್ಟೆ ಇಡುವ ತಿಂಗಳುಗಳಲ್ಲಿ ಮರಳು ಅಗೆದು ಮೊಟ್ಟೆ ತಿನ್ನುತ್ತವೆ. ಅರಣ್ಯ ಇಲಾಖೆಯವರು, ಊರಿನವರು ಸೇರಿ ಆಮೆ ಗೂಡಿನ ಸುತ್ತ ಬಲೆ ಕಟ್ಟಿ ಕಾಯುವುದು ಅದಕ್ಕೇ. ಕಸ ತೆಗೆಯುವುದು, ನಾಯಿಗಳಿಗೆ ಸಂತಾನಹರಣ ಮಾಡಿಸುವುದು ಆಗಲೇಬೇಕು. ಆದರೆ ಆ ಕೆಲಸ ಆಗುವವರೆಗೆ ನನ್ನ ನಾಯಿಯನ್ನೂ ಬಿಡುತ್ತೇನೆ ಅನ್ನುವುದು ಉತ್ತರವಲ್ಲ. ಹಗ್ಗ ನನ್ನ ಕೈಯಲ್ಲೇ ಇದೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ನಾಯಿಗೆ ಓಟ ಬೇಡವೇ? ಬೇಕು, ಖಂಡಿತ ಬೇಕು. ಜನ ಸೇರುವ ಕಡೆ ಹಕ್ಕಿ ಕೂರುವುದಿಲ್ಲ. ಅಲ್ಲಿ ಜನ ಬರುವ ಮುಂಚೆ ಗಟ್ಟಿ ಮರಳಿನಲ್ಲಿ ಬಿಡಿ. ಮೇ ಮುಗಿಯುವಾಗ ಹೆಚ್ಚಿನ ಹಕ್ಕಿಗಳು ಹೋಗಿರುತ್ತವೆ, ಆಗಸ್ಟ್ ಕೊನೆಗೆ ಮೊದಲ ಗುಂಪುಗಳು ಮತ್ತೆ ಬರುತ್ತವೆ. ಮಧ್ಯದ ಮಳೆಗಾಲದಲ್ಲಿ ತೀರ ನಾಯಿಯದ್ದೇ. ಅಲೆಯ ಹತ್ತಿರ ಮಾತ್ರ ಬಿಡಬೇಡಿ, ಆ ಕಡಲು ಎಳೆದುಕೊಂಡು ಹೋಗುತ್ತದೆ.

ಕ್ಯಾಲಿಫೋರ್ನಿಯಾದ ಕೋಲ್ ಆಯಿಲ್ ಪಾಯಿಂಟ್ ಅನ್ನುವಲ್ಲಿ ಸ್ನೋಯಿ ಪ್ಲೋವರ್‌ಗಳು ಗೂಡು ಕಟ್ಟುವುದನ್ನೇ ಬಿಟ್ಟಿದ್ದವು. 2001ರಲ್ಲಿ ಅಲ್ಲಿ ತೀರದ ಒಂದು ಭಾಗಕ್ಕೆ ಹಗ್ಗ ಎಳೆದರು. ಸ್ವಯಂಸೇವಕರು ನಿಂತು, ಬಂದವರಿಗೆ ಹಕ್ಕಿ ತೋರಿಸಿ, ನಾಯಿಗೆ ಹಗ್ಗ ಹಾಕಿ ಅಂತ ವಿನಯದಿಂದ ಕೇಳಿದರು. ದಶಕಗಳಿಂದ ಮರಿಯೇ ಆಗದಿದ್ದ ಆ ಜಾಗದಲ್ಲಿ ಮತ್ತೆ ಮರಿಗಳಾದವು. ತೀರ ಮುಚ್ಚಲಿಲ್ಲ. ಜನರನ್ನೂ ಓಡಿಸಲಿಲ್ಲ.

ನಮ್ಮ ಅಳಿವೆ ದಿಬ್ಬಕ್ಕೂ ಅಷ್ಟು ಸಾಕು. ನವೆಂಬರ್‌ನಿಂದ ಏಪ್ರಿಲ್‌ವರೆಗೆ ನಾಲ್ಕು ಗೂಟ, ಒಂದು ಹಗ್ಗ, ಹಕ್ಕಿಗಳ ಚಿತ್ರವಿರುವ ಒಂದು ಕನ್ನಡ ಬೋರ್ಡು. ಬೋರ್ಡಿಗೆ ಬೇಕಾದ ಫೋಟೋಗಳನ್ನು ನಾನು ಕೊಡುತ್ತೇನೆ. ಎಲ್ಲಿ ಕಟ್ಟಿದರೆ ದೋಣಿಗೆ, ಬಲೆಗೆ ಅಡ್ಡಿಯಾಗದು ಅಂತ ಮೀನುಗಾರರನ್ನು ಕೇಳಿಯೇ ಕಟ್ಟಬೇಕು, ಯಾಕೆಂದರೆ ತೀರ ಮೊದಲು ಅವರದ್ದು. ಪುರಸಭೆಗೆ, ಅರಣ್ಯ ಇಲಾಖೆಗೆ ಕೊಡಲು ಮನವಿ ಬರೆದಿಟ್ಟಿದ್ದೇನೆ. ಕುಂದಾಪುರ, ಗಂಗೊಳ್ಳಿ, ಕೋಟೇಶ್ವರ, ಬೀಜಾಡಿ ಕಡೆಯವರು ಸಹಿ ಹಾಕುವುದಾದರೆ ಇನ್‌ಬಾಕ್ಸ್‌ಗೆ ಬನ್ನಿ. ನಾಯಿ ಸಾಕಿದವರ ಸಹಿಗಳನ್ನು ಎಲ್ಲಕ್ಕಿಂತ ಮೇಲೆ ಹಾಕಿಸುತ್ತೇನೆ.